ಇಲಿಗೆ ಸೂತಕವಿಲ್ಲ

– ನಿಮ್ಮಪ್ಪ ಫೋನ್ ಮಾಡಿದ್ದ. ಸಾಕಿದ ಇಲಿ ಸತ್ತುಹೋಯಿತು ಅಂತ ಆಫೀಸಿಗೂ ಹೋಗದೆ ಕೂತಿದ್ದೀಯಂತೆ. ನಿಜವೇನಮ್ಮ?

– ನಿಜ ದೊಡ್ಡಪ್ಪ. ಆಫೀಸಿನವರಿಗೆ ಮಾತ್ರ ಹೊಟ್ಟೆನೋವು ಅಂತ ಹೇಳಿದ್ದೀನಿ. ನಾಯಿ ಸತ್ತಿದ್ದರೆ ನಾಯಿ ಅಂತಲೇ ಹೇಳ್ತಿದ್ದೆ. ಪಕ್ಕದ ಸೀಟಿನವನ ಬೆಕ್ಕು ಸತ್ತಾಗ ನಾವೆಲ್ಲ ಅವನನ್ನು ಕ್ಯಾಂಟೀನಿಗೆ ಕರಕೊಂಡು ಹೋಗಿ ಸಮಾಧಾನ ಮಾಡಿದ್ದೆವು. ಇಲಿ ಅಂದರೆ ಮೊದಲು ನಗ್ತಾರೆ, ಆಮೇಲೆ ‘ಛೀ, ಅದನ್ನ ಮುಟ್ತಿದ್ದೆಯಾ’ ಅಂತಾರೆ.

– ನಗು ನನಗೂ ಬಂತು, ಸುಳ್ಳು ಯಾಕೆ ಹೇಳಲಿ. ಕೃಷಿ ಇಲಾಖೆಯಲ್ಲಿ ನನ್ನ ನೌಕರಿಯ ಮುಕ್ಕಾಲು ಪಾಲು ಇಲಿ ಕೊಲ್ಲೋದು ಹೇಗೆ ಅಂತ ರೈತರಿಗೆ ತೋರಿಸಿಕೊಡೋದರಲ್ಲೇ ಕಳೀತು. ಕಬ್ಬು, ಭತ್ತ, ತೆಂಗು, ಎಲ್ಲ ಕಡೆ ಅದೇ ಪಾಠ. ಈಗ ನನ್ನ ತಮ್ಮನ ಮಗಳೇ ಇಲಿಗೆ ಕಣ್ಣೀರು ಹಾಕ್ತಾಳೆ ಅಂದರೆ ನಗದೆ ಏನು ಮಾಡಲಿ?

– ನಗಿ, ನೀವು ನಕ್ಕರೆ ನನಗೆ ಬೇಜಾರಿಲ್ಲ. ನಿಮಗಾದರೂ ಇಲಿ ಅಂದರೆ ಏನು ಅಂತ ಗೊತ್ತು. ಒಂದೇ ಒಂದು ಕೇಳಿಕೋತೀನಿ, ಗಣಪತಿಯ ವಾಹನ ಅಂತ ಶುರು ಮಾಡಬೇಡಿ. ನಿನ್ನೆಯಿಂದ ಅದನ್ನೇ ಕೇಳಿ ಕೇಳಿ ಸಾಕಾಗಿದೆ. ವಾಹನಕ್ಕೆ ಕೈಮುಗಿದವರೇ ಸಂಜೆ ಅಂಗಡಿಯಿಂದ ಇಲಿ ಪಾಷಾಣ ತರ್ತಾರೆ.

– ನಾನು ಪಾಷಾಣದ ಕಡೆಯವನು ಕಣಮ್ಮ, ಆ ಭಯ ಬೇಡ. ಹೇಳು, ಹೆಸರು ಏನಿಟ್ಟಿದ್ದೆ?

– ಬುಗುರಿ. ಮರಿಯಾಗಿದ್ದಾಗ ತನ್ನ ಬಾಲ ಹಿಡಿಯೋಕೆ ಅಂತ ನಿಂತಲ್ಲೇ ಸುತ್ತೋದು. ಅದರ ಜೊತೆಯದು ಲಗೋರಿ. ಎರಡೂ ಹೆಣ್ಣು, ಒಂದೇ ಸೂಲಿನವು. ಬುಗುರಿಗೆ ತಲೆ, ಹೆಗಲು ಕಪ್ಪು, ಬೆನ್ನ ಮೇಲೊಂದು ಕಪ್ಪು ಪಟ್ಟೆ, ಮಿಕ್ಕಿದ್ದೆಲ್ಲ ಬಿಳಿ. ಲಗೋರಿ ಪೂರ್ತಿ ಬಿಳಿ, ಕೆಂಪು ಕಣ್ಣು.

– ಹಾಗಾದರೆ ಪ್ರಯೋಗಾಲಯದ ವಂಶ. ರ‍್ಯಾಟಸ್ ನಾರ್ವೆಜಿಕಸ್. ನಮ್ಮ ಅಟ್ಟದ ಮೇಲೆ ಓಡಾಡೋದು ಬೇರೆ ಜಾತಿ, ರ‍್ಯಾಟಸ್ ರ‍್ಯಾಟಸ್. ಗದ್ದೆ ಬದುವಿನಲ್ಲಿ ಬಿಲ ತೋಡೋವು ಇನ್ನೂ ಬೇರೆ. ಜನಕ್ಕೆ ಎಲ್ಲವೂ ಇಲಿಯೇ. ನಮ್ಮಜ್ಜಿ ಹೇಳೋಳು, ಸೂರಿನಿಂದ ಒಂದು ಇಲಿ ಸತ್ತು ಬಿತ್ತು ಅಂದರೆ ಸಾಕು, ಊರಿಗೆ ಊರೇ ಪಾತ್ರೆಪಡಗ ಗಂಟು ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳೋದಂತೆ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ನೀನು ದೋಸೆ ತಿನ್ನೋಕೆ ಹೋಗ್ತೀಯಲ್ಲ, ಆ ಮಲ್ಲೇಶ್ವರ, ಬಸವನಗುಡಿ ಎರಡೂ ಅದೇ ಕಾಲದಲ್ಲಿ ಎದ್ದ ಬಡಾವಣೆಗಳು. ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದರೆ ಬದುಕ್ತಾರೆ ಅನ್ನೋ ಲೆಕ್ಕ. ಪ್ಲೇಗಮ್ಮನ ಗುಡಿಗಳು ಈಗಲೂ ಇವೆ. ಸತ್ತ ಇಲಿ ಕಂಡರೆ ಓಡು ಅಂತ ನಮಗೆ ಮೂರು ತಲೆಮಾರು ಹೇಳಿಕೊಟ್ಟಿದ್ದಾರೆ. ನೀನು ನೋಡಿದರೆ ಕೈಯಲ್ಲಿ ಹಿಡಕೊಂಡು ಅಳ್ತಾ ಕೂತಿದ್ದೀಯ.

– ಆದರೆ ಪ್ಲೇಗಿನಲ್ಲಿ ಮೊದಲು ಸತ್ತಿದ್ದು ಇಲಿಗಳೇ ಅಲ್ವಾ ದೊಡ್ಡಪ್ಪ? ಚಿಗಟ ಕಚ್ಚಿ ಅವೂ ನಮ್ಮ ಹಾಗೇ ಸತ್ತವು.

– ಸತ್ತವು. ಇಲಿಯ ಮೈ ತಣ್ಣಗಾದ ಮೇಲೆ ಚಿಗಟ ಅದನ್ನು ಬಿಟ್ಟು ಇನ್ನೊಂದು ಬಿಸಿ ಮೈ ಹುಡುಕುತ್ತೆ. ಪಾಲ್ ಲೂಯಿ ಸೀಮೋಂ ಅಂತ ಒಬ್ಬ ಫ್ರೆಂಚ್ ವೈದ್ಯ, ಅದೇ 1898ರಲ್ಲಿ, ಕರಾಚಿಯಲ್ಲಿ ಕೂತು ಇದನ್ನು ತೋರಿಸಿಕೊಟ್ಟ. ಬಹಳ ವರ್ಷ ಅವನನ್ನು ಯಾರೂ ನಂಬಲಿಲ್ಲ. ಅದು ಹಾಗಿರಲಿ. ಈ ಜಾತಿ ಮನೆಯೊಳಗೆ ಹೇಗೆ ಬಂತು, ಅದನ್ನಾದರೂ ತಿಳಕೊಂಡಿದ್ದೀಯಾ?

– ತಿಳಕೊಂಡಿದ್ದೀನಿ, ಕೇಳಿದರೆ ನಿಮಗೆ ಖುಷಿಯಾಗುತ್ತೆ. ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ಜ್ಯಾಕ್ ಬ್ಲ್ಯಾಕ್ ಅಂತ ಒಬ್ಬ ಇಲಿ ಹಿಡಿಯೋನಿದ್ದ. ವಿಕ್ಟೋರಿಯಾ ರಾಣಿಗೆ ಇಲಿ ಹಿಡಿಯೋನು ಅಂತಲೇ ಹೇಳಿಕೊಳ್ತಿದ್ದ. ಲೋಹದಲ್ಲಿ ಎರಕ ಹೊಯ್ದ ಇಲಿಗಳಿರೋ ಪಟ್ಟಿಯನ್ನು ಮೈಮೇಲೆ ಹಾಕಿಕೊಂಡು ಬೀದಿಯಲ್ಲಿ ನಿಂತು ಪಾಷಾಣ ಮಾರೋನು. ಆಗ ಅಲ್ಲಿ ಇಲಿಗಳನ್ನು ಒಂದು ಗುಂಡಿಗೆ ಬಿಟ್ಟು, ನಾಯಿ ಎಷ್ಟು ಹೊತ್ತಿನಲ್ಲಿ ಎಷ್ಟು ಕೊಲ್ಲುತ್ತೆ ಅಂತ ಬಾಜಿ ಕಟ್ಟೋ ಆಟ ಇತ್ತು. ಹಾಗೆ ಹಿಡಿದವುಗಳಲ್ಲಿ ಬಣ್ಣ ಬೇರೆಯಾಗಿರೋವನ್ನು, ಬಿಳಿಯವು, ಮಚ್ಚೆಯವು, ಇವನ್ನೆಲ್ಲ ಈ ಮನುಷ್ಯ ಕೊಲ್ಲದೆ ಬೇರೆ ಇಟ್ಟ, ಮರಿ ಮಾಡಿಸಿದ, ದೊಡ್ಡ ಮನೆಯ ಹೆಣ್ಣುಮಕ್ಕಳಿಗೆ ಸಾಕೋಕೆ ಮಾರಿದ. ಹೆನ್ರಿ ಮೇಹ್ಯೂ ಅನ್ನೋ ಪತ್ರಕರ್ತ ಅವನನ್ನು ಮಾತಾಡಿಸಿ ಎಲ್ಲವನ್ನೂ ಬರೆದಿಟ್ಟಿದ್ದಾನೆ.

– ನಮ್ಮ ಕಸುಬಿನವನೇ!

– ನಿಮ್ಮ ಕಸುಬಿನವನೇ. ಅಷ್ಟೇ ಅಲ್ಲ, 1901ರಲ್ಲಿ ಮೇರಿ ಡಗ್ಲಸ್ ಅನ್ನೋಳು ಅಲ್ಲಿಯ ಸಾಕುಸುಂಡಿಲಿ ಸಂಘದವರ ಬೆನ್ನು ಹತ್ತಿ, ಐಲ್ಸ್‌ಬರಿ ಊರಿನ ಪ್ರದರ್ಶನದಲ್ಲಿ ಮೊದಲ ಸಲ ಇಲಿಗಳಿಗೂ ಜಾಗ ಕೊಡಿಸಿದಳು. ಕೊನೆಗೆ ಅವಳ ಇಲಿಯೇ ಬಹುಮಾನ ಹೊಡೀತು. ಮಕ್ಕಳ ಕತೆ ಬರೆಯೋ ಬಿಯಾಟ್ರಿಕ್ಸ್ ಪಾಟರ್ ಕೂಡ ಸ್ಯಾಮಿ ಅನ್ನೋ ಬಿಳಿ ಇಲಿ ಸಾಕಿದ್ದಳು. ಅದು ಸತ್ತ ಮೇಲೆ 1908ರಲ್ಲಿ ಬಂದ ತನ್ನ ಒಂದು ಪುಸ್ತಕವನ್ನು ಅದರ ನೆನಪಿಗೆ ಅರ್ಪಿಸಿದಳು. ಅರ್ಪಣೆಯಲ್ಲೇ ಅದರ ಕಳ್ಳತನವನ್ನೂ ಹೊಗಳಿದ್ದಾಳೆ. ನನಗೆ ಇಷ್ಟವಾಗಿದ್ದೇ ಅದು. ಸತ್ತವರನ್ನು ಇದ್ದ ಹಾಗೇ ನೆನಪಿಟ್ಟುಕೊಳ್ಳೋ ಧೈರ್ಯ ಎಲ್ಲರಿಗೂ ಬರಲ್ಲ.

– ನಿನ್ನದೂ ಕಳ್ಳಿಯೇ?

– ಮಹಾಕಳ್ಳಿ. ನನ್ನ ಕಿವಿಯೋಲೆ, ಪೆನ್ನಿನ ಮುಚ್ಚಳ, ಒಂದು ಸಲ ಅಮ್ಮನ ಔಷಧಿ ಚೀಟಿ, ಎಲ್ಲ ಸೋಫಾದ ಹಿಂದಿನ ಗೂಡಿಗೆ ಹೋಗ್ತಿತ್ತು. ಸಂಜೆ ಬಾಗಿಲ ಬೀಗ ತೆಗೆಯೋ ಸದ್ದಿಗೆ ಪಂಜರದ ಸರಳು ಹಿಡಿದು ನಿಂತಿರೋಳು. ಕುತ್ತಿಗೆ ಹಿಂದೆ ಕೆರೆದರೆ ಹಲ್ಲು ಕಟಕಟ ಮಸೀತಾ ಕಣ್ಣುಗುಡ್ಡೆ ಕುಣಿಸೋಳು. ಮೊದಲ ಸಲ ನೋಡಿದಾಗ ಫಿಟ್ಸ್ ಬಂತು ಅಂತ ಹೆದರಿದ್ದೆ. ಆಮೇಲೆ ಗೊತ್ತಾಯಿತು, ಅದು ಸುಖ. ಹೊಟ್ಟೆಗೆ ಕಚಗುಳಿ ಇಟ್ಟರೆ ಇಲಿ ನಗುತ್ತೆ ದೊಡ್ಡಪ್ಪ, ನಮಗೆ ಕೇಳಿಸಲ್ಲ ಅಷ್ಟೆ. ಯಾಕ್ ಪ್ಯಾಂಕ್‌ಸೆಪ್ ಅನ್ನೋ ವಿಜ್ಞಾನಿ 1990ರ ದಶಕದ ಕೊನೆಯಲ್ಲಿ ಯಂತ್ರ ಇಟ್ಟು ಅದನ್ನು ಕೇಳಿಸಿಕೊಂಡ. 50 ಕಿಲೋಹರ್ಟ್ಸ್ ಸುತ್ತಮುತ್ತ ಚಿಲಿಪಿಲಿ. ನಮ್ಮ ಕಿವಿ 20ಕ್ಕೇ ನಿಂತುಬಿಡುತ್ತೆ.

– ಹೆದರಿದಾಗ ಕೂಗೋದೂ ನಮ್ಮ ಕಿವಿಗೆ ಬೀಳಲ್ಲ. ಅದು 22ರ ಹತ್ತಿರ. ಬೋನಿನಲ್ಲಿ ಸಿಕ್ಕಿಬಿದ್ದ ಇಲಿ ಸುಮ್ಮನಿದೆ ಅಂತ ಜನ ಅಂದುಕೋತಾರೆ. ಸುಮ್ಮನಿರಲ್ಲ. ತರಬೇತಿಯಲ್ಲಿ ಇದನ್ನು ಹೇಳಿದರೆ ರೈತರು ನನ್ನ ಮುಖ ನೋಡೋರು, ‘ಸಾರ್, ಇದನ್ನ ಯಾಕೆ ಹೇಳ್ತೀರಿ’ ಅನ್ನೋ ಹಾಗೆ. ಸರಿ, ಏನಾಗಿತ್ತು ಅದಕ್ಕೆ?

– ವಯಸ್ಸು. ಎರಡು ವರ್ಷ ದಾಟಿತ್ತು. ಮುಂಗಾಲಿನ ಕಂಕುಳಲ್ಲಿ ಒಂದು ಗೆಡ್ಡೆ ಬಂತು. ಹೆಣ್ಣಿಲಿಗೆ ಕೊರಳಿನಿಂದ ತೊಡೆಸಂದಿಯವರೆಗೂ ಮೊಲೆಯ ಅಂಗಾಂಶ ಹಬ್ಬಿರುತ್ತಂತೆ, ಅದಕ್ಕೇ ಎಲ್ಲಿ ಬೇಕಾದರೂ ಗೆಡ್ಡೆ ಏಳುತ್ತೆ. ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದರೆ ಬೆಳೀತಾ ಹೋಗ್ತವೆ. ಮೊದಲು ಹೋದ ಆಸ್ಪತ್ರೆಯಲ್ಲಿ, ‘ಔಷಧಿ ಖರ್ಚಿಗಿಂತ ಹೊಸ ಇಲಿ ಅಗ್ಗ, ಇನ್ನೊಂದು ತಗೊಳ್ಳಿ’ ಅಂದರು.

– ಅಂದರಾ?

– ಅಂದರು. ಆಮೇಲೆ ಹಕ್ಕಿ, ಆಮೆ, ಮೊಲ ನೋಡೋ ಒಬ್ಬ ಡಾಕ್ಟರು ಸಿಕ್ಕರು. ಅವರು ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಚೇತರಿಸಿಕೊಂಡಳು. ಇನ್ನೊಂದು ಗೆಡ್ಡೆ ಬಂತು. ಅಷ್ಟರಲ್ಲಿ ಉಸಿರಾಟದ ತೊಂದರೆಯೂ ಶುರುವಾಗಿತ್ತು. ಬಹುಪಾಲು ಸಾಕು ಇಲಿಗಳ ಶ್ವಾಸಕೋಶದಲ್ಲಿ ಮೈಕೋಪ್ಲಾಸ್ಮ ಅನ್ನೋ ಬ್ಯಾಕ್ಟೀರಿಯ ಮರಿಯಿಂದಲೇ ಇರುತ್ತೆ. ಮೈಯಲ್ಲಿ ಶಕ್ತಿ ಇರೋವರೆಗೆ ಅಡಗಿರುತ್ತೆ, ಮುಪ್ಪಿನಲ್ಲಿ ತಲೆ ಎತ್ತುತ್ತೆ. ಕಣ್ಣು ಮೂಗಿನ ಸುತ್ತ ಕೆಂಪಗೆ ಅಂಟಿಕೊಂಡಿತ್ತು. ಅಮ್ಮ ರಕ್ತ ಅಂತ ಕಿರುಚಿಕೊಂಡಳು.

– ರಕ್ತ ಅಲ್ಲ ಅದು. ಕಣ್ಣಿನ ಹಿಂದಿನ ಗ್ರಂಥಿಯಿಂದ ಬರೋ ಕೆಂಪು ದ್ರವ, ಪಾರ್ಫಿರಿನ್ ಅಂತಾರೆ. ಆರೋಗ್ಯವಾಗಿದ್ದಾಗ ಮುಖ ತೊಳ್ಕೊಂಡು ಒರೆಸಿಬಿಡುತ್ತೆ, ನಮಗೆ ಕಾಣಲ್ಲ. ಕಂಡಿತು ಅಂದರೆ ಅದಕ್ಕೆ ಮುಖ ತೊಳೆಯೋಕೂ ಆಗ್ತಿಲ್ಲ ಅಂತ ಅರ್ಥ.

– ನೋಡಿ, ನನಗೆ ಇದನ್ನು ಡಾಕ್ಟರು ಹೇಳಬೇಕಾಯಿತು, ನಿಮಗೆ ಬಾಯಲ್ಲೇ ಇದೆ. ಪಂಜರದ ಮಹಡಿಗಳನ್ನೆಲ್ಲ ಇಳಿಸಿ ನೆಲಕ್ಕೆ ತಂದೆ. ತಂತಿಯ ಮೇಲೆ ಕಾಲಿಡಬಾರದು ಅಂತ ಬಟ್ಟೆ ಹಾಸಿದೆ. ತೆಳ್ಳಗೆ ಕಾಸಿದ ರಾಗಿ ಗಂಜಿಯನ್ನು ಸೂಜಿ ತೆಗೆದ ಸಿರಿಂಜಿನಲ್ಲಿ ತೊಟ್ಟು ತೊಟ್ಟಾಗಿ ಬಾಯಿಗೆ ಬಿಟ್ಟೆ. ಲಗೋರಿ ಪಕ್ಕದಲ್ಲೇ ಮಲಗಿ ಅವಳ ಕಿವಿ ನೆಕ್ಕೋಳು. ಕೊನೆಗೆ ನಾನೇ ತೀರ್ಮಾನ ಮಾಡಬೇಕಾಯಿತು. ಎಲ್ಲಕ್ಕಿಂತ ಕಷ್ಟ ಆಗಿದ್ದು ಅದೇ.

– ದಯಾಮರಣ.

– ಹೂಂ. ಹೊತ್ತು ಬಂದಿದೆ ಅಂತ ಹೇಗೆ ಗೊತ್ತಾಗುತ್ತೆ ಅಂತ ಡಾಕ್ಟರನ್ನು ಕೇಳಿದೆ. ಅವರು ಇಲಿಗಳ ಮುಖದ ಚಿತ್ರಗಳಿದ್ದ ಒಂದು ಹಾಳೆ ಕೊಟ್ಟರು. 2011ರಲ್ಲಿ ಪ್ರಕಟವಾದ ಅಳತೆಗೋಲಂತೆ ಅದು. ಕಣ್ಣು ಎಷ್ಟು ಕಿರಿದಾಗಿದೆ, ಮೂಗು ಕೆನ್ನೆ ಉಬ್ಬು ಕಳಕೊಂಡು ಚಪ್ಪಟೆಯಾಗಿದೆಯಾ, ಕಿವಿ ಮಡಿಸಿ ಹೊರಕ್ಕೆ ತಿರುಗಿದೆಯಾ, ಮೀಸೆ ಬಿಗಿದುಕೊಂಡಿದೆಯಾ, ಇಷ್ಟನ್ನು ನೋಡಿ ನೋವಿಗೆ ಅಂಕ ಹಾಕೋದು. ಕೂಗಿದರೆ ನಮಗೆ ಕೇಳಿಸಲ್ಲ, ಅದಕ್ಕೇ ಮುಖ ನೋಡಬೇಕು. ದಿನಾ ಬೆಳಿಗ್ಗೆ ಸಂಜೆ ನೋಡಿದೆ. ಮೆಚ್ಚಿನ ಶೇಂಗಾ ಬೀಜ ಕೊಟ್ಟರೂ ಮೂಸಿ ಬಿಟ್ಟುಬಿಟ್ಟಾಗ ಡಾಕ್ಟರಿಗೆ ಫೋನ್ ಮಾಡಿದೆ.

– ಅಲ್ಲೇ ನೀನು ಜಾಣೆ. ಜನ ಏನು ಮಾಡ್ತಾರೆ ಗೊತ್ತಾ, ಹಸುವಾಗಲಿ ನಾಯಿಯಾಗಲಿ, ‘ನಮ್ಮ ಕೈಯಾರೆ ಬೇಡ, ದೇವರು ಕರಕೊಳ್ಳಲಿ’ ಅಂತ ಮೂಲೆಯಲ್ಲಿ ಬಿಡ್ತಾರೆ. ಅದು ವಾರಗಟ್ಟಲೆ ಒದ್ದಾಡುತ್ತೆ. ತಮ್ಮ ಕೈಗೆ ಪಾಪ ಅಂಟಬಾರದು ಅಂತ ಅದಕ್ಕೆ ನರಕ ತೋರಿಸ್ತಾರೆ. ಕೊಂದು ಪಳಗಿದವನು ನಾನು ಹೇಳ್ತೀನಿ ಕೇಳು, ಅದು ಕರುಣೆಯಲ್ಲ, ಪುಕ್ಕಲುತನ.

– ನನ್ನನ್ನು ಕೊರೀತಿರೋದು ಬೇರೆ ದೊಡ್ಡಪ್ಪ. ಆಸ್ಪತ್ರೆಗೆ ಹೊರಟಾಗ ಅವಳನ್ನು ಹಿಡಿದು ಹಾಕಬೇಕಾಗಲೇ ಇಲ್ಲ. ಕೈ ಚಾಚಿದೆ, ತಾನಾಗೇ ಹತ್ತಿದಳು. ಬುಟ್ಟಿಯ ಹತ್ತಿರ ಹಿಡಿದೆ, ಒಳಗೆ ನಡೆದು ಹೋಗಿ ಮಲಗಿದಳು. ಮರಿಯಾಗಿದ್ದಾಗಿಂದ ಆ ಬುಟ್ಟಿಯಲ್ಲಿ ಶೇಂಗಾ ಇಟ್ಟು ಅಭ್ಯಾಸ ಮಾಡಿಸಿದ್ದು ನಾನೇ. ಆ ನಂಬಿಕೆಯ ಮೇಲೇ ಕರಕೊಂಡು ಹೋದೆ ಅನ್ನಿಸ್ತಿದೆ.

– ನಂಬಿಸಿ ಕೊಲ್ಲೋದು ಅಂದರೆ ಏನು ಅಂತ ನನಗೆ ಗೊತ್ತು. ಇಲಿಗೆ ಹೊಸದು ಅಂದರೆ ಅನುಮಾನ. ಹೊಸ ತಿಂಡಿ ಇಟ್ಟರೆ ಚೂರೇ ಚೂರು ತಿಂದು ನೋಡುತ್ತೆ. ಹೊಟ್ಟೆ ಕೆಟ್ಟರೆ ಜನ್ಮದಲ್ಲಿ ಅದರ ಹತ್ತಿರ ಸುಳಿಯಲ್ಲ. ಅದಕ್ಕೆ ಝಿಂಕ್ ಫಾಸ್ಫೈಡ್ ಇಡೋ ಮುಂಚೆ ನಾವು ಏನು ಮಾಡಿಸ್ತಿದ್ದೆವು ಹೇಳು? ಒಂದೆರಡು ದಿನ ಬರೀ ಎಣ್ಣೆ ಸವರಿದ ಕಾಳು ಇಡೋದು. ವಿಷ ಇಲ್ಲ, ಏನಿಲ್ಲ. ತಿಂತಾವೆ, ರುಚಿ ಹತ್ತುತ್ತೆ, ಭಯ ಬಿಡ್ತಾವೆ. ಆಮೇಲೆ ಅದೇ ಕಾಳಿಗೆ ವಿಷ. ಇಲಿಗೆ ವಾಂತಿ ಮಾಡೋಕೆ ಬರಲ್ಲ, ಒಳಗೆ ಹೋಗಿದ್ದು ಹೊರಗೆ ಬರಲ್ಲ. ಅದು ನಂಬಿಸಿ ಕೊಲ್ಲೋದು. ಬೆಳೆ ಉಳೀಬೇಕಿತ್ತು, ಮಾಡಿದೆವು, ನನಗೆ ಅದರ ಬಗ್ಗೆ ನಾಚಿಕೆ ಇಲ್ಲ. ಮಗು ಹೊಟ್ಟೆಗಿಲ್ಲದೆ ಮಲಗೋದನ್ನು ನೋಡಿದವನು ಇಲಿಗೆ ಮರುಗಲ್ಲ. ಆದರೆ ನೀನು ಮಾಡಿದ್ದನ್ನು ಇದರ ಪಕ್ಕ ಇಡಬೇಡ. ನಿನ್ನ ಬುಟ್ಟಿ ಅದಕ್ಕೆ ಪರಿಚಯದ ಜಾಗ ಆಗಿದ್ದರಿಂದ ಕೊನೆಯ ಗಂಟೆಯನ್ನು ಹೆದರದೆ ಕಳೀತು. ಹೇಗೆ ಮಾಡಿದರು?

– ನಾನು ಮೊದಲೇ ಕೇಳಿಕೊಂಡಿದ್ದೆ, ಎಚ್ಚರ ಇರೋವಾಗ ಸೂಜಿ ಚುಚ್ಚಬೇಡಿ ಅಂತ. ಅವರದೂ ಅದೇ ಪದ್ಧತಿಯಂತೆ. ಸಣ್ಣ ಪೆಟ್ಟಿಗೆಯಲ್ಲಿ ಐಸೋಫ್ಲೂರೇನ್ ಅನಿಲ ಬಿಟ್ಟರು, ಹಾಯಾಗಿ ನಿದ್ದೆ ಹೋದಳು. ಪೂರ್ತಿ ಮಂಪರು ಹತ್ತಿದ ಮೇಲೆ ಹೊರಗೆ ತೆಗೆದು ನನ್ನ ಅಂಗೈಮೇಲೆ ಮಲಗಿಸಿ ಇಂಜೆಕ್ಷನ್ ಕೊಟ್ಟರು. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಎಷ್ಟೋ ಹೊತ್ತು ಕೇಳಿದರು. ಅಷ್ಟು ಚಿಕ್ಕ ಎದೆಯ ಮೇಲೆ ಅವರು ಅಷ್ಟು ಹೊತ್ತು ಕಿವಿಕೊಟ್ಟಿದ್ದು ನೋಡಿ ನನಗೆ ಅಳು ಬಂತು. ಅಲ್ಲಿಯವರೆಗೆ ಬಂದಿರಲಿಲ್ಲ.

– ಹೂಂ.

– ಸುಮ್ಮನಾಗಿಬಿಟ್ಟಿರಲ್ಲ?

– ಏನಿಲ್ಲ. ಒಂದು ಸಲ ವಿ.ಸಿ. ನಾಲೆಯ ಕೆಳಗೆ ಗದ್ದೆಗೆ ನೀರು ಬಿಟ್ಟಿದ್ದರು. ಬದುವಿನ ಬಿಲಕ್ಕೆ ನೀರು ನುಗ್ಗಿತು. ಒಂದು ತಾಯಿಲಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಮೇಲಿನ ಬದುವಿಗೆ ಸಾಗಿಸ್ತಿತ್ತು. ಹೊಡೆಯೋಕೆ ದೊಣ್ಣೆ ಹಿಡಿದು ನಿಂತಿದ್ದ ಹುಡುಗ ಕೊನೆಯ ಮರಿ ಸಾಗೋವರೆಗೂ ಕೈ ಎತ್ತಲಿಲ್ಲ. ಆಮೇಲೂ ಎತ್ತಲಿಲ್ಲ ಅನ್ನು. ಸಂಜೆ ಅವನೇ ಪಾಷಾಣದ ಪೊಟ್ಟಣ ಕಟ್ಟಿದ. ಎರಡೂ ಒಬ್ಬನೇ ಹುಡುಗ. ಬಿಡು. ಇನ್ನೊಂದು ಇದೆಯಲ್ಲ, ಲಗೋರಿ, ಅದಕ್ಕೆ ತೋರಿಸಿದೆಯಾ?

– ತೋರಿಸಿದೆ. ಇಲಿ ಸಾಕೋವರೆಲ್ಲ ಅದನ್ನೇ ಹೇಳ್ತಾರೆ, ಇಲ್ಲದಿದ್ದರೆ ಉಳಿದದ್ದು ಹುಡುಕ್ತಾ ಇರುತ್ತೆ ಅಂತ. ಬಂದು ಮೂಸಿದಳು, ಕಿವಿ ನೆಕ್ಕಿದಳು, ಮೂತಿಯಿಂದ ಒಂದೆರಡು ಸಲ ತಳ್ಳಿದಳು. ಆಮೇಲೆ ಹೋಗಿ ಊಟ ಮಾಡಿದಳು.

– ನೀನು ಅಲ್ಲೇ ಕೂತಿದ್ದೆ ತಾನೆ? ಒಳ್ಳೇದು. ಹೆಣದ ಜೊತೆ ಬಹಳ ಹೊತ್ತು ಬಿಡಬಾರದು. ಬೋನಿನಲ್ಲಿ ಸತ್ತದ್ದನ್ನು ಉಳಿದವು ತಿಂದಿರೋದನ್ನು ನಾನು ನೋಡಿದ್ದೀನಿ. ಮುಖ ಸಿಂಡರಿಸಬೇಡ. ಅದಕ್ಕೆ ಪ್ರೀತಿ ಇರಲಿಲ್ಲ ಅಂತ ಅರ್ಥ ಅಲ್ಲ, ಇಲಿಯ ರೀತಿ ಅದು. ನಮ್ಮ ರೀತಿನೀತಿಯನ್ನು ಅದರ ಮೇಲೆ ಹೇರೋಕೆ ಹೋಗಬಾರದು.

– ಹೇರ್ತಿಲ್ಲ. ಆದರೂ ಒಂದು ಹೇಳ್ತೀನಿ. 2011ರಲ್ಲಿ ಷಿಕಾಗೋದಲ್ಲಿ ಒಂದು ಪ್ರಯೋಗ ಮಾಡಿದರು. ಒಂದು ಇಲಿಯನ್ನು ಕೊಳವೆಯಲ್ಲಿ ಸಿಕ್ಕಿಸಿ, ಅದರ ಜೊತೆಯ ಇಲಿಯನ್ನು ಹೊರಗೆ ಬಿಟ್ಟರು. ಹೊರಗಿನದು ಬಾಗಿಲು ತೆಗೆಯೋದನ್ನು ತಾನೇ ಕಲೀತು. ಪಕ್ಕದಲ್ಲಿ ಚಾಕೊಲೇಟ್ ಇಟ್ಟರೂ ಜೊತೆಯದನ್ನು ಬಿಡಿಸಿ, ಚಾಕೊಲೇಟಿನಲ್ಲಿ ಅದಕ್ಕೂ ಪಾಲು ಉಳಿಸಿತು.

– ಗೊತ್ತು. ಆಮೇಲೆ ಬೇರೆಯವರು, ಅದಕ್ಕೆ ಬೇಕಾಗಿದ್ದು ಜೊತೆ, ಕರುಣೆಯಿಂದ ತೆಗೆಯಿತು ಅನ್ನೋಕೆ ಆಗಲ್ಲ ಅಂತಲೂ ವಾದಿಸಿದರು.

– ಇರಬಹುದು. ನಾನೂ ಬುಗುರಿಯನ್ನು ಇಟ್ಟುಕೊಂಡಿದ್ದು ಜೊತೆಗೇ. ಆಗ ಅಮ್ಮ ಇನ್ನೂ ಬಂದಿರಲಿಲ್ಲ, ಹೊಸ ಊರು, ಬಾಡಿಗೆ ರೂಮು, ಮಾತಾಡಿಸೋರಿಲ್ಲ. ಅದನ್ನು ಯಾರೂ ಕಡಿಮೆ ಪ್ರೀತಿ ಅನ್ನಲ್ಲವಲ್ಲ.

– ವಾದದಲ್ಲಿ ನಿಮ್ಮಪ್ಪನನ್ನು ಮೀರಿಸ್ತೀಯ. ಈಗ ಎಲ್ಲಿದೆ ಹೆಣ?

– ಬೈಬಾರದು.

– ಹೇಳು.

– ಹಳೇ ಹತ್ತಿ ಸೀರೆಯ ಚೂರಿನಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಫ್ರೀಜರಿನಲ್ಲಿ ಇಟ್ಟಿದ್ದೀನಿ. ಅಮ್ಮನಿಗೆ ಗೊತ್ತಿಲ್ಲ. ಈ ಅಪಾರ್ಟ್‌ಮೆಂಟಿನಲ್ಲಿ ಅಂಗೈಯಗಲ ಮಣ್ಣಿಲ್ಲ. ದೊಡ್ಡ ಹೂಕುಂಡದಲ್ಲಿ ಹೂಳೋರಿದ್ದಾರೆ, ನನಗೆ ಮನಸ್ಸಾಗಲಿಲ್ಲ.

– ಹೂಕುಂಡ ಬೇಡವೇ ಬೇಡ, ಆಳ ಸಾಲದು, ವಾಸನೆ ಬರುತ್ತೆ. ತೋಟಕ್ಕೆ ತಾ. ಬಾವಿಯಿಂದ ದೂರ, ಬೇಲಿ ಕಡೆ, ಎರಡೂವರೆ ಅಡಿ ತೋಡಿಸ್ತೀನಿ. ಅಷ್ಟಿದ್ದರೆ ನಾಯಿ ಕೆದಕಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತರಬೇ‌ಡ, ಮಣ್ಣಿಗೆ ಸೇರಲ್ಲ. ಮುಟ್ಟೋವಾಗ ಕೈಗವಸು ಹಾಕ್ಕೋ, ಆಮೇಲೆ ಸೋಪು ಹಾಕಿ ಕೈ ತೊಳಿ. ನಿನ್ನದು ಮನೆಯೊಳಗೇ ಬೆಳೆದದ್ದು, ಹೊರಗಿನ ಇಲಿಗಳ ಸಹವಾಸ ಇಲ್ಲ, ಭಯ ಕಡಿಮೆ. ಆದರೂ ಇಲಿ ಜ್ವರ ಅನ್ನೋದು ಸುಮ್ಮನೆ ಬಂದ ಹೆಸರಲ್ಲ, ಮಲೆನಾಡು ಕರಾವಳಿಯವರನ್ನು ಕೇಳು.

– ನೀವು ತೋಟದಲ್ಲಿ ಜಾಗ ಕೊಡ್ತೀರಾ? ನಿಮ್ಮ ತೆಂಗಿನ ಮರಕ್ಕೆಲ್ಲ ಇಲಿ ಹತ್ತಬಾರದು ಅಂತ ತಗಡು ಸುತ್ತಿಸಿದ್ದೀರಿ.

– ಸತ್ತ ಇಲಿ ಮರ ಹತ್ತಲ್ಲವಲ್ಲ. ನೋಡು, ನಮ್ಮ ಕಡೆಯಲ್ಲಿ ಇದು ಹೊಸದೇನೂ ಅಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ಶಾಸನ ಸಿಕ್ಕಿತು, ಕ್ರಿ.ಶ. 949–50ರದು. ಮಣಲೇರ ಅನ್ನೋ ವೀರ, ಯುದ್ಧದಲ್ಲಿ ಮೆಚ್ಚಿದ ದೊರೆ ಏನು ಬೇಕು ಅಂದಾಗ, ಹೊನ್ನು ಕೇಳಲಿಲ್ಲ, ಕಾಳಿ ಅನ್ನೋ ಬೇಟೆನಾಯಿಯನ್ನು ಕೇಳಿ ಪಡೆದ. ಅದು ಬೆಳತೂರಿನ ಹತ್ತಿರ ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಯ ನೆನಪಿಗೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣೋ ಪೂಜಾರಿಗೆ ಪಾಪ ತಟ್ಟಲಿ ಅಂತ ಬರೆಸಿದರು. ಮೇಲ್ಗಡೆ ನಾಯಿ, ಹಂದಿ ಕಾದಾಡೋ ಚಿತ್ರ ಇದೆ. ಈಗ ಆ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ, ನಿನ್ನ ಆಫೀಸಿಗೆ ಹೋಗೋ ದಾರಿ. ಹೋಗಿ ನೋಡು.

– ಅದು ವೀರ ನಾಯಿ ದೊಡ್ಡಪ್ಪ. ಕೆಲಸ ಮಾಡಿ ಸತ್ತದ್ದಕ್ಕೆ ಕಲ್ಲು ಸಿಗುತ್ತೆ. ಇಲಿಗಳಲ್ಲೂ ಹಾಗೇ. ಮಗಾವ ಅಂತ ಆಫ್ರಿಕಾದ ದೈತ್ಯ ಇಲಿ ಇತ್ತು. ಟಾಂಜಾನಿಯದಲ್ಲಿ ಹುಟ್ಟಿ, ಕಾಂಬೋಡಿಯದಲ್ಲಿ ನೆಲಬಾಂಬುಗಳನ್ನು ಮೂಸಿ ಹುಡುಕ್ತಿತ್ತು. ಎಪ್ಪತ್ತಕ್ಕೂ ಹೆಚ್ಚು ನೆಲಬಾಂಬು ಪತ್ತೆ ಮಾಡಿತು. 2020ರಲ್ಲಿ ಬ್ರಿಟನ್ನಿನ ಪಿಡಿಎಸ್‌ಎ ಸಂಸ್ಥೆ ಅದಕ್ಕೆ ಚಿನ್ನದ ಪದಕ ಕೊಟ್ಟಿತು. 2022ರ ಜನವರಿಯಲ್ಲಿ ಎಂಟು ವರ್ಷದ ಅದು ಸತ್ತಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು, ಯಾರೂ ನಗಲಿಲ್ಲ. ರಾಜಸ್ಥಾನದ ದೇಶ್‌ನೋಕ್‌ನ ಕರಣಿ ಮಾತೆಯ ಗುಡಿಯಲ್ಲಿ ಯಾರಾದರೂ ಕಾಲಡಿಯಲ್ಲಿ ಇಲಿಯನ್ನು ಕೊಂದರೆ ಬೆಳ್ಳಿ ಇಲಿ ಒಪ್ಪಿಸಬೇಕಂತೆ. ಅದು ದೇವರ ಇಲಿ. ಬುಗುರಿ ಬಾಂಬು ಹುಡುಕಲಿಲ್ಲ, ದೇವರ ಕಡೆಯವಳೂ ಅಲ್ಲ. ಕಿವಿಯೋಲೆ ಕದ್ದಳು ಅಷ್ಟೆ. ಅವಳಿಗೆ ಅಳಬೇಕು ಅಂದರೆ ನಾನು ಹೊಟ್ಟೆನೋವು ಅಂತ ಸುಳ್ಳು ಹೇಳಬೇಕು.

– ಸೂತಕ ಅನ್ನೋದು ಯಾಕೆ ಮಾಡಿದರು ಗೊತ್ತಾ? ಮೈಲಿಗೆ ಗಿಯಿಲಿಗೆ ಆಮೇಲಿನ ಮಾತು. ನನ್ನ ಲೆಕ್ಕದಲ್ಲಿ ಅದು ಊರು ಕೊಡೋ ರಜಾ ಚೀಟಿ. ಇಷ್ಟು ದಿನ ಇವನನ್ನು ಯಾರೂ ಕೆಲಸಕ್ಕೆ ಕರೆಯಬೇಡಿ, ಅಡುಗೆ ಮಾಡು ಅನ್ನಬೇಡಿ, ಸುಮ್ಮನೆ ಬಿಡಿ ಅಂತ. ದಾಯಾದಿ ಸತ್ತರೆ ಮುಖ ನೋಡಿರದಿದ್ದರೂ ರಜ ಸಿಗುತ್ತೆ. ದಿನಾ ಮಡಿಲಲ್ಲಿ ಮಲಗಿದ್ದು ಸತ್ತರೆ ಸಿಗಲ್ಲ.

– ಕೆನೆತ್ ಡೋಕ ಅನ್ನೋ ಅಮೆರಿಕದ ವಿದ್ವಾಂಸ 1989ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ತಂದ. ಸುತ್ತಲಿನವರು ಒಪ್ಪದ ದುಃಖ ಒಳಗೇ ಉಳಿದು ಹೆಚ್ಚು ಕಾಡುತ್ತೆ ಅಂತ.

– ಅವನು ಪುಸ್ತಕ ಬರೆದ, ನಮ್ಮಜ್ಜಿಗೆ ಹಾಗೇ ಗೊತ್ತಿತ್ತು. ಮನೆಯ ಎತ್ತು ಸತ್ತ ದಿನ ಒಲೆ ಹಚ್ಚುತ್ತಿರಲಿಲ್ಲ, ಪಕ್ಕದ ಮನೆಯವರು ಮುದ್ದೆ ಸಾರು ತಂದುಕೊಡೋರು. ಎತ್ತಿಗಿದ್ದದ್ದು ಇಲಿಗೆ ಇರಬಾರದು ಅಂತ ಎಲ್ಲೂ ಬರೆದಿಲ್ಲ. ಆದರೆ ಒಂದು ಮಾತು. ಎರಡು ಮೂರು ವರ್ಷಕ್ಕೆ ಸಾಯೋ ಪ್ರಾಣಿ ಅಂತ ಗೊತ್ತಿದ್ದೂ ತಂದೆಯಲ್ಲ, ಆ ಲೆಕ್ಕ ಮೊದಲೇ ಇತ್ತು ತಾನೆ?

– ಇತ್ತು. ಅಂಗಡಿಯವನು ಹೇಳಲಿಲ್ಲ, ಓದಿ ತಿಳಕೊಂಡೆ. ಅದಕ್ಕೇ ತಿಂಗಳಿಗಿಷ್ಟು ಅಂತ ಆಸ್ಪತ್ರೆ ಖರ್ಚಿಗೆ ತೆಗೆದಿಟ್ಟಿದ್ದೆ. ನಾಯಿ ಸಾಕಿದರೆ ಹತ್ತು ಹನ್ನೆರಡು ವರ್ಷದಲ್ಲಿ ಬರೋ ಮುಪ್ಪು ಇಲ್ಲಿ ಎರಡೇ ವರ್ಷದಲ್ಲಿ ಬರುತ್ತೆ. ಮರಿ, ಪ್ರಾಯ, ಮುದಿತನ ಮೂರೂ ಕಣ್ಣೆದುರೇ ಆಗಿಹೋಗ್ತವೆ. ಚಿಕ್ಕ ಪ್ರಾಣಿ, ಚಿಕ್ಕ ಜವಾಬ್ದಾರಿ ಅಂತ ಮಕ್ಕಳಿಗೆ ತಂದುಕೊಡೋ ಅಪ್ಪ ಅಮ್ಮಂದಿರನ್ನು ಕಂಡರೆ ನನಗೆ ಈಗ ಸಿಟ್ಟು ಬರುತ್ತೆ.

– ನನಗೆ ಸಿಟ್ಟು ಬರೋದು ಅಂಟು ಹಲಗೆ ನೋಡಿದರೆ. ನೌಕರಿಯಲ್ಲಿದ್ದಾಗ ಕೊಲ್ಲೋಕೆ ಹೇಳಿಕೊಟ್ಟವನೇ ನಾನು, ಆದರೆ ಆ ಹಲಗೆಯನ್ನು ಒಂದು ದಿನವೂ ತೋರಿಸಿಕೊಡಲಿಲ್ಲ. ಚರ್ಮ ಹರ‍್ಕೊಂಡು ಗಂಟೆಗಟ್ಟಲೆ ಒದ್ದಾಡಿ ಸಾಯುತ್ತೆ. ಮನೆ ಇಲಿ ಕಾಟ ಇದ್ದರೆ ಧಾನ್ಯದ ಡಬ್ಬಿಗೆ ಮುಚ್ಚಳ ಹಾಕಿ, ಗೋಡೆಯ ತೂತು ಮುಚ್ಚಿ. ಅದಾಗಲಿಲ್ಲ ಅಂದರೆ ಒಂದೇ ಏಟಿಗೆ ಮುಗಿಸೋ ಬೋನಿದೆ. ಅದಿರಲಿ, ಲಗೋರಿಗೆ ಏನು ಮಾಡ್ತೀಯ? ಇಲಿ ಒಂಟಿಯಾಗಿ ಇರಲ್ಲ.

– ಅದೇ ಈಗಿನ ಚಿಂತೆ. ಜೊತೆಗೆ ಒಂದು ಮರಿ ತಂದರೆ, ಲಗೋರಿ ಹೋದ ಮೇಲೆ ಆ ಮರಿ ಒಂಟಿ. ಅದಕ್ಕೊಂದು ಜೊತೆ. ಹೀಗೇ ಹೋದರೆ ನಾನು ಜನ್ಮವಿಡೀ ಇಲಿ ಸಾಕ್ತಾ, ಇಲಿಗೆ ಅಳ್ತಾ ಇರಬೇಕು. ಮುದುಕಿಗೆ ಮರಿಯ ಗಲಾಟೆಯೂ ಸೇರಲ್ಲ. ಜೊತೆ ಕಳಕೊಂಡ ಇನ್ನೊಂದು ವಯಸ್ಸಾದ ಹೆಣ್ಣಿಲಿ ಎಲ್ಲಾದರೂ ಇದೆಯಾ ಅಂತ ವಿಚಾರಿಸ್ತಿದ್ದೀನಿ. ಇಬ್ಬರನ್ನೂ ಹೊಸ ಜಾಗದಲ್ಲಿ ಎದುರುಬದುರು ಬಿಟ್ಟು, ನಿಧಾನವಾಗಿ ಪರಿಚಯ ಮಾಡಿಸಬೇಕು.

– ಬುದ್ಧಿವಂತಿಕೆ. ಯಾರೂ ಸಿಗದೆ ಅಂಗಡಿಯಿಂದಲೇ ತಂದರೆ ಮಾತ್ರ ಹುಷಾರು. ಗಂಡು ಹೆಣ್ಣು ಒಂದೇ ಪಂಜರದಲ್ಲಿ ತುಂಬಿರ್ತಾರೆ. ಐದಾರು ವಾರಕ್ಕೇ ಇಲಿ ಪ್ರಾಯಕ್ಕೆ ಬರುತ್ತೆ, ಹೆಣ್ಣು ಅಂತ ತಂದದ್ದು ಬಸಿರಾಗೇ ಬಂದಿರುತ್ತೆ. ಭಾನುವಾರ ತೋಟಕ್ಕೆ ಬಂದಾಗ ಅದನ್ನೂ ಕರಕೊಂಡು ಬಾ, ನಾನು ನೋಡಿ ಹೇಳ್ತೀನಿ. ಇಲಿಯ ಗರ್ಭ 21ರಿಂದ 23 ದಿನ, ಒಂದು ಸೂಲಿಗೆ ಹತ್ತು ಮರಿ ಆದರೂ ಆದವೇ.